ಕುರುಡು ಚಕ್ರವರ್ತಿಯ ಅಧ್ಯಾಯ

ಪುಸ್ತಕ ಪ್ರಕಾಶನದ ಕೆಲಸಕ್ಕೆ ಹೊಸದಾಗಿ ಸೇರಿದ ಇಬ್ಬರು ಹುಡುಗಿಯರು ಹೋದ ತಿಂಗಳು ಸಿಂಗಪುರದ ನಮ್ಮ ಸೆಂಗ್‌ಕಾಂಗ್ ಮನೆಗೆ ಬಂದಿದ್ದರು. ಇಬ್ಬರೂ ಬೆಂಗಳೂರಿನವರು. ನಿಮ್ಮ ಕಾಲದಲ್ಲಿ ಸ್ಪೆಲ್‌ಚೆಕ್ ಇಲ್ಲದೆ ಹೇಗೆ ಮ್ಯಾನೇಜ್ ಮಾಡ್ತಿದ್ರಿ ಆಂಟಿ ಎಂದು ಕೇಳಿದರು. ನಾನು ಕಾಫಿ ಕೊಟ್ಟು, ನಾಲ್ಕು ತಮಾಷೆಯ ಅಚ್ಚಿನ ತಪ್ಪುಗಳ ಕಥೆ ಹೇಳಿ ನಗಿಸಿ ಕಳಿಸಿದೆ. ಅವರು ಎಲ್‌ಆರ್‌ಟಿ ರೈಲು ಹತ್ತಿ ಹೋದ ಮೇಲೆ ನನ್ನ ಮೇಲೆ ನನಗೇ ಸಿಟ್ಟು ಬಂತು. ಕೆಲಸ ಎಂದರೆ ಏನು ಎಂದು ತಿಳಿಯಲು ಬಂದವರ ಹತ್ತಿರ ಹರಟೆ ಹೊಡೆದಿದ್ದೆ. ಅವತ್ತು ಹೇಳದೆ ಉಳಿಸಿಕೊಂಡದ್ದನ್ನು ಈಗ ಬರೆಯುತ್ತಿದ್ದೇನೆ. ಯಾವಾಗ ಯಾವ ಹುದ್ದೆ ಸಿಕ್ಕಿತು ಎಂಬ ಪಟ್ಟಿ ಇದರಲ್ಲಿಲ್ಲ. ಒಂದೇ ಒಂದು ಬಡ್ತಿಯ ವಿಷಯ ಬರುತ್ತದೆ. ಅದನ್ನು ಬಿಟ್ಟು ಬರೆದರೆ ಉಳಿದದ್ದಕ್ಕೆ ಅರ್ಥವಿಲ್ಲ.

ನಮ್ಮ ಕಚೇರಿ ಪಾಯಾ ಲೆಬಾರ್‌ನಲ್ಲಿತ್ತು. ಈಗಿನ ಮಾಲ್‌ಗಳ ಪಾಯಾ ಲೆಬಾರ್ ಅಲ್ಲ. ಹಳೆಯ ಕಾರ್ಖಾನೆ ಕಟ್ಟಡ, ಕೆಳಗಿನ ಎರಡು ಮಹಡಿಗಳಲ್ಲಿ ಮುದ್ರಣಾಲಯ, ಲಿಫ್ಟಿನ ಬಾಗಿಲು ತೆರೆದರೆ ಇಂಕಿನ ವಾಸನೆ. ಏಷ್ಯಾದ ಶಾಲೆ ಕಾಲೇಜುಗಳಿಗೆ ಇಂಗ್ಲಿಷಿನಲ್ಲಿ ಇತಿಹಾಸದ ಪುಸ್ತಕಗಳನ್ನು ಮಾಡುತ್ತಿದ್ದೆವು. ಮುಖ್ಯ ಸಂಪಾದಕರು ನಂಜುಂಡಯ್ಯನವರು. ಮೈಸೂರಿನಲ್ಲಿ ಇತಿಹಾಸ ಪಾಠ ಹೇಳುತ್ತಿದ್ದವರು, ನನಗಿಂತ ಎಷ್ಟೋ ವರ್ಷ ಮೊದಲು ಸಿಂಗಪುರಕ್ಕೆ ಬಂದವರು. ನಾನೂ ಮೈಸೂರಿನವಳು ಅಂತ ಕೆಲಸ ಕೊಟ್ಟರು ಎಂದು ಕೆಲವರು ಆಡಿಕೊಂಡರು. ಹಾಗೇನಿಲ್ಲ. ಸಂದರ್ಶನದ ದಿನ ಒಂದು ಪುಟ ಕೈಗೆ ಕೊಟ್ಟು ಗಟ್ಟಿಯಾಗಿ ಓದು ಎಂದರು. ಓದಿದೆ. ಸೋಮವಾರದಿಂದ ಬಾ ಎಂದರು.

ಆಗ ಕರಡು ತಿದ್ದುವುದು ಇಬ್ಬರ ಕೆಲಸ. ಒಬ್ಬರು ಲೇಖಕರ ಹಸ್ತಪ್ರತಿಯನ್ನು ಗಟ್ಟಿಯಾಗಿ ಓದಬೇಕು, ಇನ್ನೊಬ್ಬರು ಅಚ್ಚಿನಿಂದ ಬಂದ ಕರಡಿನ ಮೇಲೆ ಅಡಿಪಟ್ಟಿ ಇಟ್ಟುಕೊಂಡು ಸಾಲು ಸಾಲಾಗಿ ನೋಡಬೇಕು. ಪದಗಳನ್ನಷ್ಟೇ ಓದಿದರೆ ಸಾಲದು. ಕಾಮಾ, ಫುಲ್‌ಸ್ಟಾಪ್, ಹೊಸ ಪ್ಯಾರಾ, ಎಲ್ಲವನ್ನೂ ಬಾಯಲ್ಲಿ ಹೇಳಬೇಕು. ಮನೆಯಲ್ಲೂ ನಾನು ಹಾಗೇ ಮಾತಾಡುತ್ತೇನೆ ಎಂದು ನಮ್ಮವರು ರೇಗಿಸುತ್ತಿದ್ದರು. ವರ್ಷಗಟ್ಟಲೆ ಹೀಗೆ ಎದುರುಬದುರು ಕೂತರೆ ಕೇಳುವವರಿಗೆ ಓದುವವರ ಉಸಿರೂ ತಿಳಿಯುತ್ತದೆ. ಎಲ್ಲಿ ಸಾಲು ಹಾರಿತು, ಎಲ್ಲಿ ಅನುಮಾನ ಬಂತು, ಎಲ್ಲಿ ಬಾಯಿ ಓದುತ್ತಿದ್ದು ಮನಸ್ಸು ಮನೆಯ ಅಡುಗೆಯಲ್ಲಿದೆ, ಎಲ್ಲ. ನಂಜುಂಡಯ್ಯನವರು ನನ್ನನ್ನು ಎಷ್ಟೋ ಸಲ ನಡುವೆ ನಿಲ್ಲಿಸಿ, ಆ ಸಾಲನ್ನು ನೀನು ನಂಬಲಿಲ್ಲ, ಯಾಕೆ ಎಂದು ಕೇಳುತ್ತಿದ್ದರು. ನೋಡಿದರೆ ಅಲ್ಲಿ ತಪ್ಪು ಇದ್ದೇ ಇರುತ್ತಿತ್ತು.

ನನ್ನ ದೊಡ್ಡ ತಪ್ಪು ಸೇರಿದ ಮೂರನೆಯ ವರ್ಷದ್ದು. ಒಂದು ರಾಜಮನೆತನದ ವಂಶವೃಕ್ಷದಲ್ಲಿ ಒಂದೇ ಹೆಸರು ಎರಡು ಕಡೆ ಬಂದಿತ್ತು. ಲೇಖಕರು ಕಣ್ತಪ್ಪಿ ಎರಡು ಸಲ ಬರೆದಿದ್ದಾರೆ ಎಂದುಕೊಂಡು ಒಂದನ್ನು ಹೊಡೆದುಹಾಕಿದೆ. ಅದು ಅಜ್ಜ ಮತ್ತು ಮೊಮ್ಮಗ. ಅಜ್ಜನ ಹೆಸರನ್ನು ಮೊಮ್ಮಗನಿಗಿಡುವ ಮನೆಯಿಂದ ಬಂದ ನನಗೆ ಅಷ್ಟು ಹೊಳೆಯಲಿಲ್ಲ. ಪುಸ್ತಕ ಅಚ್ಚಾಗಿ ಕಟ್ಟು ಕಟ್ಟಿ ಹೊರಡಲು ನಿಂತಾಗ ಗೊತ್ತಾಯಿತು. ಇಡೀ ವಾರ ಎಲ್ಲರೂ ಗೋಡೌನಿನಲ್ಲಿ ಕೂತು ಪ್ರತಿ ಪುಸ್ತಕದೊಳಗೂ ತಿದ್ದುಪಡಿ ಚೀಟಿ ಅಂಟಿಸಿದೆವು. ಮಾಲೀಕರು ಬಂದು ಇದು ಯಾರ ಕೆಲಸ ಎಂದರು. ನಂಜುಂಡಯ್ಯನವರು ತಲೆಯೆತ್ತದೆ ಚೀಟಿ ಅಂಟಿಸುತ್ತಲೇ, ನನ್ನದೇ, ನನ್ನ ಕಣ್ಣು ತಪ್ಪಿತು ಎಂದರು. ಆಗ ಅವರ ಕಣ್ಣು ಚೆನ್ನಾಗಿತ್ತು.

ಆ ಗೋಡೌನಿನಲ್ಲಿ ಕಟ್ಟು ಕಟ್ಟುತ್ತಿದ್ದವಳು ಮೇ ಲಿಂಗ್. ಚೀನೀ ಹೆಂಗಸು, ನನ್ನ ವಯಸ್ಸೇ. ಶಾಲೆ ಹೆಚ್ಚು ಓದಿರಲಿಲ್ಲ, ಆದರೆ ಅಂಟಿಸುತ್ತ ಅಂಟಿಸುತ್ತ ಚೀಟಿಯಲ್ಲೇ ಇನ್ನೊಂದು ತಪ್ಪು ಹಿಡಿದಳು. ಆಮೇಲೆ ನಂಜುಂಡಯ್ಯನವರು ಮಾಲೀಕರ ಹತ್ತಿರ ಜಗಳವಾಡಿ ಅವಳನ್ನು ಮೇಲಕ್ಕೆ ಕರೆಸಿ ಕರಡು ನೋಡುವುದನ್ನು ಕಲಿಸಿದರು. ಹಾಸಿಗೆ ಹಿಡಿದ ತಾಯಿಯನ್ನು ಅವಳೊಬ್ಬಳೇ ನೋಡಿಕೊಳ್ಳುತ್ತಿದ್ದಳು. ಇಲ್ಲಿ ಕೆಲಸ ಹೋದರೆ ನನ್ನ ವಯಸ್ಸಿಗೆ, ನನ್ನ ಓದಿಗೆ ಹೊರಗೆ ತಟ್ಟೆ ತೊಳೆಯುವುದೇ ಗತಿ ಎಂದು ತಾನೇ ಹೇಳಿಕೊಂಡು ನಗುತ್ತಿದ್ದಳು. ನಂಜುಂಡಯ್ಯನವರಿಗೆ ಬಿಡುವಿಲ್ಲದಾಗ ನಾನು ಓದುತ್ತಿದ್ದೆ, ಅವಳು ನೋಡುತ್ತಿದ್ದಳು. ಹಾಗೆ ಬಹಳ ವರ್ಷ ನಡೆಯಿತು.

ಸಾರ್ಸ್ ಕಾಯಿಲೆಯ ಗಲಾಟೆ ಮುಗಿದ ಮೇಲೆ ಊರಿಗೆ ಊರೇ ಓಡತೊಡಗಿತು. ಎಲ್ಲಿ ನೋಡಿದರೂ ಹೊಸ ಕಾಂಡೋ ಅಪಾರ್ಟ್‌ಮೆಂಟು, ಹೊಸ ಕಚೇರಿ. ಹಳೆಯ ಮಾಲೀಕರು ಮನೆ ಸೇರಿದರು, ಮಗ ಡೆಸ್ಮಂಡ್ ಬಂದ. ಕೆಟ್ಟ ಮನುಷ್ಯ ಎಂದು ಬರೆದರೆ ಸುಲಭ, ಆದರೆ ಕೆಟ್ಟವನಲ್ಲ. ಅವನಿಗೆ ಅವಸರ. ಕಾಗದದ ಕರಡು ಹೋಗಿ ಪರದೆ ಬಂತು. ಇಬ್ಬರು ಕೂತು ಗಟ್ಟಿಯಾಗಿ ಓದುವುದನ್ನು ಗಾಜಿನಾಚೆಯಿಂದ ನೋಡಿ, ಇದೇನು ಪೂಜೆಯಾ ಎಂದು ಕೇಳಿದನಂತೆ. ಏಷ್ಯಾದ ಅರಸರ ಬಗ್ಗೆ ಒಂದು ದೊಡ್ಡ ಕೋಶವನ್ನು ಬೇಗ ಹೊರತರಬೇಕು ಎಂದು ಪಟ್ಟು ಹಿಡಿದ. ಅದರಲ್ಲಿ ಹಳೆಯ ಜಪಾನಿನ ಭಾಗವನ್ನು ನಂಜುಂಡಯ್ಯನವರೇ ಬರೆಯುವುದೆಂದಾಯಿತು. ಅವರು ಅರ್ಧ ಆಯುಷ್ಯ ಅದನ್ನೇ ಓದಿದ್ದರು.

ಆ ಭಾಗದಲ್ಲಿ ಒಬ್ಬ ಚಕ್ರವರ್ತಿಯ ಅಧ್ಯಾಯ ಅವರಿಗೆ ಎಲ್ಲಕ್ಕಿಂತ ಹತ್ತಿರದ್ದು. ಸಾವಿರ ವರ್ಷದ ಹಿಂದಿನವನು. ಆ ದೇಶದಲ್ಲಿ ಚಕ್ರವರ್ತಿಗೆ ಚರಿತ್ರೆಯ ಹೆಸರು ಸಿಗುವುದು ಸತ್ತ ಮೇಲೆ, ಬದುಕಿದ್ದಾಗ ಯಾರೂ ಹೆಸರು ಹಿಡಿದು ಕರೆಯುವುದಿಲ್ಲ. ನಂಜುಂಡಯ್ಯನವರೂ ಮಾತಿನಲ್ಲಿ 'ಅವನು' ಎಂದೇ ಅನ್ನುತ್ತಿದ್ದರು. ನಾನೂ ಹಾಗೇ ಬರೆಯುತ್ತೇನೆ.

ಹನ್ನೊಂದನೆಯ ವಯಸ್ಸಿಗೆ ಅವನನ್ನು ಯುವರಾಜನನ್ನಾಗಿ ಮಾಡಿದರು. ಸಿಂಹಾಸನದ ಮೇಲಿದ್ದವನು ಅವನಿಗಿಂತ ಚಿಕ್ಕವನು. ಇಪ್ಪತ್ತೈದು ವರ್ಷ ಕಾದ. ಪಟ್ಟ ಸಿಕ್ಕಿದಾಗ ಅಧಿಕಾರವೆಲ್ಲ ಮಹಾಮಂತ್ರಿಯ ಕೈಯಲ್ಲಿತ್ತು. ಆ ಮಂತ್ರಿಗೆ ತನ್ನ ಮಗಳ ಮಗನನ್ನು ಸಿಂಹಾಸನದ ಮೇಲೆ ಕೂರಿಸುವ ಆತುರ. ಚಕ್ರವರ್ತಿಯ ಕಾಲದಲ್ಲಿ ಅರಮನೆ ಎರಡು ಸಲ ಸುಟ್ಟುಹೋಯಿತು. ಆಮೇಲೆ ಕಣ್ಣು ಹೋಗತೊಡಗಿತು. ಆರೋಗ್ಯಕ್ಕೆಂದು ನುಂಗಿದ ಗುಳಿಗೆಯೇ ಕಣ್ಣು ತೆಗೆಯಿತು ಎಂದು ಹೇಳುವವರಿದ್ದಾರೆ. ವೈದ್ಯರು ಕೊರೆಯುವ ಚಳಿಯಲ್ಲಿ ತಲೆಯ ಮೇಲೆ ತಣ್ಣೀರು ಸುರಿಸಿದರು. ಸತ್ತ ಸನ್ಯಾಸಿಯೊಬ್ಬನ ಪ್ರೇತ ಕತ್ತಿನ ಮೇಲೆ ಕೂತು ರೆಕ್ಕೆಯಿಂದ ಕಣ್ಣು ಮುಚ್ಚುತ್ತಿದೆ, ಅದು ರೆಕ್ಕೆ ಬಡಿದಾಗ ಮಾತ್ರ ಅವನಿಗೆ ಒಂದಿಷ್ಟು ಕಾಣುತ್ತದೆ ಎಂದು ಜನ ನಂಬಿದರು. ನೋಡುವವರಿಗೆ ಮಾತ್ರ ಅವನ ಕಣ್ಣು ತಿಳಿಯಾಗಿ, ಏನೂ ಆಗದ ಹಾಗೆ ಇತ್ತಂತೆ.

ಈ ಅಧ್ಯಾಯದ ಕರಡು ಓದುವಾಗ ನಂಜುಂಡಯ್ಯನವರು ಕ್ರಮ ಬದಲಾಯಿಸಿದರು. ಪರದೆಯ ಮೇಲಿನ ಕರಡನ್ನು ನೀನು ಓದು, ಹಸ್ತಪ್ರತಿ ನಾನು ಹಿಡಿದುಕೊಳ್ಳುತ್ತೇನೆ ಎಂದರು. ನಾನು ಓದುತ್ತ ಹೋದೆ, ಅವರು ಸರಿಯಾದ ಜಾಗದಲ್ಲಿ ಪುಟ ಮಗುಚುತ್ತ ಹೋದರು. ಎರಡು ತಪ್ಪನ್ನೂ ಹಿಡಿದರು. ಊಟದ ಹೊತ್ತಿಗೆ ಅವರು ಕೆಳಗಿಟ್ಟ ಕಟ್ಟನ್ನು ಎತ್ತಿಡಲು ಹೋದರೆ ಅದು ಆ ಅಧ್ಯಾಯವೇ ಅಲ್ಲ, ಹಿಂದಿನ ಅಧ್ಯಾಯದ್ದು. ಇಡೀ ಬೆಳಗ್ಗೆ ಬೇರೆ ಯಾರದೋ ಆಳ್ವಿಕೆಯನ್ನು ಕೈಯಲ್ಲಿ ಹಿಡಿದುಕೊಂಡು, ಬಾಯಿಪಾಠದಿಂದ ನನ್ನ ಓದನ್ನು ತಿದ್ದಿದ್ದರು. ಅವರ ಮುಖ ನೋಡಿದೆ. ಕಣ್ಣು ತಿಳಿಯಾಗಿತ್ತು.

ಸರ್, ಎಷ್ಟು ಕಾಣುತ್ತದೆ ಎಂದು ಕೇಳಿದೆ. ಕಿಟಕಿ ಎಲ್ಲಿದೆ ಎಂದು ಗೊತ್ತಾಗುತ್ತದೆ ಎಂದರು. ಗ್ಲಾಕೋಮಾ. ಹೋದ ದೃಷ್ಟಿ ವಾಪಸ್ ಬರುವುದಿಲ್ಲ ಎಂದು ಡಾಕ್ಟರು ಹೇಳಿಯಾಗಿತ್ತು. ಏನಾದರೂ ಡ್ರಾಪ್ಸ್ ಹಾಕಿಕೊಳ್ಳುತ್ತಿದ್ದಿರಾ ಎಂದು ಡಾಕ್ಟರು ಕೇಳಿದರಂತೆ. ಕಣ್ಣಿನ ಕೆರೆತಕ್ಕೆ ಹಾಕಿಕೊಳ್ಳುತ್ತಿದ್ದ ಸೀಸೆಯನ್ನು ಅವರು ತೋರಿಸಿದರಂತೆ. ಅದರಲ್ಲಿ ಸ್ಟೆರಾಯ್ಡ್ ಇದೆ, ಇಷ್ಟು ವರ್ಷ ಹಾಕಿದರೆ ಕೆಲವರಿಗೆ ಹೀಗಾಗುತ್ತದೆ ಎಂದರಂತೆ.

ಆ ಸೀಸೆಗಳನ್ನು ತಂದುಕೊಡುತ್ತಿದ್ದವಳು ನಾನು. ಇಲ್ಲಿಯ ಕನ್ನಡದವರೆಲ್ಲ ಇದನ್ನು ಮಾಡಿದ್ದೇವೆ. ಊರಿಗೆ ಹೋದವರ ಕೈಯಲ್ಲಿ ಒಂದು ಚೀಟಿ, ಬರುವಾಗ ಸೂಟ್‌ಕೇಸಿನಲ್ಲಿ ಚಟ್ನಿಪುಡಿಯ ಪಕ್ಕ ಔಷಧಿ. ಇಲ್ಲಿ ಕಣ್ಣು ಕೆರೆದರೂ ಡಾಕ್ಟರ ಅಪಾಯಿಂಟ್‌ಮೆಂಟ್ ಬೇಕು. ಮೈಸೂರಿನ ಮೆಡಿಕಲ್ ಶಾಪಿನಲ್ಲಿ ಹೆಸರು ಹೇಳಿದರೆ ಸಾಕು. ಪ್ರತಿ ಬೇಸಿಗೆ ರಜೆಯಲ್ಲಿ ಅವರಿಗೆಂದು ವರ್ಷಕ್ಕಾಗುವಷ್ಟು ಸೀಸೆ ತರುತ್ತಿದ್ದೆ. ಅವರು ಪ್ರತಿ ಸಲ ಬಹಳ ಉಪಕಾರ ಆಯ್ತಮ್ಮ ಅನ್ನುತ್ತಿದ್ದರು.

ಅವತ್ತು ನಾನು ಬಾತ್‌ರೂಮಿಗೆ ಹೋಗಿ ಅತ್ತೆ. ವಾಪಸ್ ಬಂದಾಗ ಅವರು ಬೈಯಲಿಲ್ಲ. ಗುಳಿಗೆಯ ಸಾಲಿಗೆ ಬಂದಿದ್ದೆವು, ಅಲ್ಲಿಂದ ಓದು ಎಂದರು. ಓದಿದೆ. ಮುಂದೆ ಆ ಚಕ್ರವರ್ತಿ ಪುಟ್ಟ ಮಗಳ ಉದ್ದ ಕೂದಲನ್ನು ಕೈಯಿಂದ ಸವರುತ್ತ, ಇಷ್ಟು ಚೆಂದದ ಕೂದಲನ್ನು ನೋಡಲಾಗಲಿಲ್ಲವಲ್ಲ ಎಂದು ಅಳುವ ಪ್ರಸಂಗ ಬರುತ್ತದೆ. ಅಲ್ಲಿ ನಿಲ್ಲಿಸು ಎಂದರು. ನಂಜುಂಡಯ್ಯನವರ ಹೆಂಡತಿ ತೀರಿಹೋಗಿದ್ದರು, ಅವರು ಮಗಳು ಮಾಲಿನಿಯ ಮನೆಯಲ್ಲಿದ್ದರು.

"ಮಾಲಿನಿ ಕೂದಲು ಕಟ್ ಮಾಡಿಸ್ಕೊಂಡು ಎರಡು ತಿಂಗಳಾಯ್ತಂತೆ," ಎಂದರು. "ಪಕ್ಕದ್ಮನೆಯವರು ಹೇಳಿದ್ಮೇಲೆ ನಂಗೆ ಗೊತ್ತಾಗಿದ್ದು."

ಕೋಶ ಹೊರಬರುವ ತನಕ ಯಾರಿಗೂ ಹೇಳಬೇಡ ಎಂದು ಕೇಳಿಕೊಂಡರು. ಅದರ ಮೇಲೆ ತಮ್ಮ ಹೆಸರು ಬರಬೇಕು, ಆಮೇಲೆ ತಾವೇ ಕೆಲಸ ಬಿಡುವುದಾಗಿ ಹೇಳಿದರು. ಒಪ್ಪಿದೆ. ಏಳೆಂಟು ತಿಂಗಳು ನಾನು ಅವರ ಕಣ್ಣಾಗಿದ್ದೆ. ಪರದೆಯ ಮೇಲಿನದನ್ನು ಓದಿ ಹೇಳುತ್ತಿದ್ದೆ, ಸಹಿ ಹಾಕುವ ಜಾಗದಲ್ಲಿ ಅವರ ಬೆರಳಿಡುತ್ತಿದ್ದೆ, ಮೀಟಿಂಗಿನಲ್ಲಿ ಯಾರು ಯಾವ ಕುರ್ಚಿಯಲ್ಲಿದ್ದಾರೆ ಎಂದು ಕನ್ನಡದಲ್ಲಿ ಪಿಸುಗುಟ್ಟುತ್ತಿದ್ದೆ. ಮೇ ಲಿಂಗ್‌ಗೆ ತಿಳಿದಿತ್ತು, ಅವಳೂ ಸುಮ್ಮನಿದ್ದಳು. ನನಗೆ ಅದರಲ್ಲಿ ಒಂದು ಥರದ ಹೆಮ್ಮೆಯೂ ಇತ್ತು. ಅದನ್ನು ಮುಚ್ಚಿಡುವುದಿಲ್ಲ. ಗೋಡೌನಿನ ಋಣ ತೀರುತ್ತಿದೆ, ಸೀಸೆಯ ಪಾಪ ಕಳೆಯುತ್ತಿದೆ ಎಂದುಕೊಂಡಿದ್ದೆ.

ಡೆಸ್ಮಂಡ್‌ಗೆ ಅನುಮಾನ ಬಂದಿತ್ತು. ಒಂದು ದಿನ ನನ್ನೊಬ್ಬಳನ್ನೇ ಕರೆದು ಬಾಗಿಲು ಹಾಕಿದ. ಜಪಾನಿನ ಭಾಗದ ಕೊನೆಯ ಒಪ್ಪಿಗೆಯ ಮೀಟಿಂಗಿನಲ್ಲಿ ಆ ಚಕ್ರವರ್ತಿಯ ಚಿತ್ರವಿರುವ ಜಾಗದಲ್ಲಿ ಅವನನ್ನು ಇಳಿಸಿದ ಮಂತ್ರಿಯ ಚಿತ್ರ ಹಾಕಿಸುತ್ತೇನೆ ಎಂದ. ಕಣ್ಣಿದ್ದವರು ಯಾರಾದರೂ ಹಿಡಿಯುತ್ತಾರೆ. ನೀನು ಪಕ್ಕದಲ್ಲಿ ಕೂರಬೇಕು, ಆದರೆ ಏನೂ ತೋರಿಸಿಕೊಡಬಾರದು. ಅವರು ಹಿಡಿದರೆ ಕ್ಷಮೆ ಕೇಳುತ್ತೇನೆ. ಹಿಡಿಯದಿದ್ದರೆ ಅವರ ಜಾಗಕ್ಕೆ ಯಾರಾದರೂ ಬೇಕಾಗುತ್ತಾರೆ ಎಂದ. ಅವನು ಬೆದರಿಸಲಿಲ್ಲ, ಧ್ವನಿಯನ್ನೂ ಏರಿಸಲಿಲ್ಲ.

ಆಗ ನಮ್ಮವರು ಸೆಲೆಟಾರ್‌ನ ವಿಮಾನ ರಿಪೇರಿಯ ಕೆಲಸ ಹೋಗಿ ಮನೆಯಲ್ಲಿದ್ದರು. ಅದನ್ನು ಕಾರಣ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ. ಅದು ನೆಪ. ನಮ್ಮವರಿಗೆ ಎರಡೇ ತಿಂಗಳಲ್ಲಿ ಬೇರೆ ಕೆಲಸ ಸಿಕ್ಕಿತು. ನನಗೆ ಆ ಕುರ್ಚಿ ಬೇಕಿತ್ತು. ಇಷ್ಟು ವರ್ಷ ಇನ್ನೊಬ್ಬರ ಬಾಯಾಗಿ, ಆಮೇಲೆ ಕಣ್ಣಾಗಿ ದುಡಿದು ದುಡಿದು, ಒಮ್ಮೆ ನನ್ನ ಹೆಸರೂ ಬಾಗಿಲಿನ ಮೇಲೆ ಬರಲಿ ಅನ್ನಿಸಿತ್ತು.

ಮೀಟಿಂಗ್ ಬೆಳಗ್ಗೆ ಹತ್ತಕ್ಕೆ. ಡೆಸ್ಮಂಡ್ ಹಾಳೆಯನ್ನು ಮೇಜಿನ ಮೇಲೆ ಜಾರಿಸಿ, ನೋಡಿ ಹೇಳಿ ಎಂದ. ನಂಜುಂಡಯ್ಯನವರು ಅದನ್ನು ಎರಡೂ ಕೈಯಲ್ಲಿ ಹಿಡಿದು ಕಿಟಕಿಯ ಕಡೆ ತಿರುಗಿಸಿದರು. ಬಹಳ ಹೊತ್ತು ನೋಡುವಂತೆ ಕೂತರು. ಅವರ ಹೆಬ್ಬೆರಳು ಚಿತ್ರದ ಮುಖದ ಮೇಲೇ ಇತ್ತು. ನಾನು ಮೇಜು ನೋಡುತ್ತಿದ್ದೆ. ಕೊನೆಗೆ ನನ್ನ ಕಡೆ ವಾಲಿ, ಎಂದಿನಂತೆ ಕನ್ನಡದಲ್ಲಿ ಕೇಳಿದರು.

"ವಿಜಯಾ, ಚಿತ್ರ ಸರಿ ಇದೆಯೇನಮ್ಮ?"

ಆ ಕೋಣೆಯಲ್ಲಿ ನಮ್ಮಿಬ್ಬರನ್ನು ಬಿಟ್ಟರೆ ಕನ್ನಡ ಬರುವವರು ಯಾರೂ ಇರಲಿಲ್ಲ. ಇಲ್ಲ ಸರ್, ಮಂತ್ರಿಯದು ಎಂದಿದ್ದರೆ ಮುಗಿದುಹೋಗುತ್ತಿತ್ತು. ಡೆಸ್ಮಂಡ್‌ಗೆ ನಾನು ಏನು ಹೇಳಿದೆ ಎಂದೇ ತಿಳಿಯುತ್ತಿರಲಿಲ್ಲ. ಅವರು ನಕ್ಕು, ಹಾಳೆ ವಾಪಸ್ ತಳ್ಳಿ, ಯಾರ ಚಿತ್ರ ಹಾಕಿದ್ದೀರಪ್ಪ ಎಂದು ಕೇಳುತ್ತಿದ್ದರು. ಕೋಶ ಬರುತ್ತಿತ್ತು, ಹೆಸರು ಬರುತ್ತಿತ್ತು.

"ಇದೆ ಸರ್," ಅಂದೆ.

ಅವರು ಚಿತ್ರದ ಮೇಲಿನ ಹೆಬ್ಬೆರಳು ತೆಗೆದರು. ಆಮೇಲೆ ಪೆನ್ನು ಕೇಳಿದರು. ನಾನೇ ಬೆರಳು ಹಿಡಿದು ಜಾಗ ತೋರಿಸಿದೆ. ಸಹಿ ಹಾಕಿದರು.

ಆ ಚಕ್ರವರ್ತಿಯೂ ಕೊನೆಗೆ ಪಟ್ಟ ಬಿಟ್ಟ. ಕಣ್ಣು ಕಾಣದವನು ರಾಜ್ಯದ ಕಾಗದಪತ್ರ ನೋಡುವುದು ಹೇಗೆ ಎಂದು ಮಂತ್ರಿ ಒತ್ತಾಯಿಸುತ್ತಲೇ ಇದ್ದ. ಬಿಡುವಾಗ ಚಕ್ರವರ್ತಿ ಒಂದೇ ಷರತ್ತು ಹಾಕಿದ. ಮುಂದಿನ ಯುವರಾಜ ತನ್ನ ಮಗನೇ ಆಗಬೇಕು. ಮಂತ್ರಿ ಒಪ್ಪಿದ. ಈ ಸಾಲುಗಳನ್ನು ಕರಡಿನಲ್ಲಿ ಓದುವಾಗ ನನಗೆ ಏನೂ ಅನ್ನಿಸಿರಲಿಲ್ಲ. ಕಾಮಾಗಳನ್ನು ಸರಿಯಾಗಿ ಹೇಳಿದ್ದೆ ಅಷ್ಟೇ.

ನಂಜುಂಡಯ್ಯನವರ ಕೊನೆಯ ದಿನ ಕೇಕ್ ಕತ್ತರಿಸಿದರು. ನಾನು ಕೈ ಹಿಡಿದು ಕೆಳಗೆ ಟ್ಯಾಕ್ಸಿ ನಿಲ್ಲುವ ಜಾಗಕ್ಕೆ ಕರೆತಂದೆ. ಬಿಸಿಲು ಜೋರಾಗಿತ್ತು. ಟ್ಯಾಕ್ಸಿಗೆ ಕಾಯುತ್ತ ಅವರು ಮಾಮೂಲಿ ಧ್ವನಿಯಲ್ಲಿ, ಅವತ್ತು ಅಲ್ಲಿದ್ದದ್ದು ಮಂತ್ರಿಯ ಚಿತ್ರ ತಾನೇ ಎಂದು ಕೇಳಿದರು. 

"ಇಷ್ಟು ವರ್ಷ ನಿನ್ನ ಓದು ಕೇಳಿದೀನಿ ಕಣಮ್ಮ. ನೀನು ಇದೆ ಸರ್ ಅಂದ ತಕ್ಷಣ ಗೊತ್ತಾಯ್ತು."

"ಮತ್ತೆ ಯಾಕೆ ಸರ್ ಸೈನ್ ಮಾಡಿದ್ರಿ?"

"ನೀನೇ ಸುಳ್ಳು ಹೇಳ್ತಿದೀಯ ಅಂದ್ಮೇಲೆ ಇನ್ಯಾರ ಕಣ್ಣಿಂದ ನೋಡ್ಲಿ?"

ಕೋಪ ಇರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು. ಟ್ಯಾಕ್ಸಿ ಬಂತು. ಒಳಗೆ ಕೂತ ಮೇಲೆ ನನ್ನ ಕೈಯನ್ನು ಬಿಡದೆ, ಆ ಕುರ್ಚಿ ನಿನಗೇ ಕೊಡುತ್ತಾರೆ, ಕೂರು, ಮೇ ಲಿಂಗ್‌ಳನ್ನು ಮಾತ್ರ ಕಳಿಸಬೇಡ, ಅವಳಿಗೆ ಬೇರೆ ಜಾಗವಿಲ್ಲ ಎಂದರು. ದೇವರಾಣೆ ಸರ್ ಎಂದೆ.

ಮರುವರ್ಷ ಅವರು ಸೆಂಗ್‌ಕಾಂಗ್‌ನಲ್ಲಿ ಮಗಳ ಮನೆಯ ಕೆಳಗೆ, ವಾಯ್ಡ್ ಡೆಕ್ ಎನ್ನುವ ತೆರೆದ ನೆಲಮಹಡಿಯ ಎರಡೇ ಎರಡು ಮೆಟ್ಟಿಲಲ್ಲಿ ತಪ್ಪಿ ಬಿದ್ದು ಸೊಂಟ ಮುರಿದುಕೊಂಡರು. ಆಸ್ಪತ್ರೆಯಿಂದ ಮನೆಗೆ ಬರಲಿಲ್ಲ. ಕೋಶ ಆಮೇಲೆ ಮೂರು ತಿಂಗಳಿಗೆ ಬಂತು. ಮುಖ್ಯ ಸಂಪಾದಕರ ಜಾಗದಲ್ಲಿ ನನ್ನ ಹೆಸರಿತ್ತು. ಅವರ ಹೆಸರು ಒಳಗೆ, ನೆರವಾದವರ ಪಟ್ಟಿಯಲ್ಲಿ. ಚಕ್ರವರ್ತಿಯ ಚಿತ್ರ ಸರಿಯಾದದ್ದೇ ಇತ್ತು. ನಾನೇ ನೋಡಿ ಹಾಕಿಸಿದ್ದೆ.

ಇದೇ ನಾನು ಹೇಳಿದ ಬಡ್ತಿ.

ಹುಡುಗಿಯರೇ, ಇನ್ನೊಂದು ಉಳಿದಿದೆ. ಕರಡು ನೋಡುವ ಕೆಲಸವನ್ನೆಲ್ಲ ಬೇರೆ ದೇಶಕ್ಕೆ ಕಳಿಸುವುದು ಎಂದು ಡೆಸ್ಮಂಡ್ ತೀರ್ಮಾನಿಸಿದ. ನನ್ನ ವಿಭಾಗದಲ್ಲಿ ಒಬ್ಬರು ಸಾಕು ಎಂದ. ಮೇ ಲಿಂಗ್‌ಗಾಗಿ ನಾನು ಜಗಳವಾಡಲಿಲ್ಲ. ಎರಡು ಸಲ ಕೇಳಿ ನೋಡಿದೆ, ಮೂರನೆಯ ಸಲ ಕೇಳಿದರೆ ತೆಗೆಯುವವರ ಪಟ್ಟಿಗೆ ನನ್ನ ಹೆಸರೇ ಬರುತ್ತದೆ ಎಂದು ಹೆದರಿ ಸುಮ್ಮನಾದೆ. ಕೆಲಸದಿಂದ ತೆಗೆದರು ಎಂದಾದರೆ ಅವಳಿಗೆ ಮುಂದೆ ತೊಂದರೆ ಎಂದು ಹೇಳಿ, ರಾಜೀನಾಮೆ ಪತ್ರವನ್ನು ನಾನೇ ಬರೆದುಕೊಟ್ಟೆ. ಸ್ವಂತ ಇಚ್ಛೆಯಿಂದ ಬಿಡುತ್ತಿದ್ದೇನೆ ಎಂದು ಬರೆದೆ. ಬರೆದ ಮೇಲೆ ಎಲ್ಲೋ ಓದಿದ ಹಾಗಿದೆಯಲ್ಲ ಎನ್ನಿಸಿತು. ಆ ಅಧ್ಯಾಯದ ಕೊನೆಯ ಪುಟದಲ್ಲಿತ್ತು. ಚಕ್ರವರ್ತಿ ಸತ್ತ ಮೇಲೆ, ಅದೇ ವರ್ಷ, ಅವನ ಮಗ ಯುವರಾಜ ಪದವಿಯನ್ನು ತಾನಾಗಿಯೇ ಬಿಟ್ಟುಕೊಟ್ಟ ಎಂದು ಹೇಳುತ್ತಾರೆ, ಆ ಇಚ್ಛೆ ಎಲ್ಲಿಂದ ಬಂತು ಎಂದು ಓದುಗರೇ ಊಹಿಸಲಿ ಎಂದು ನಂಜುಂಡಯ್ಯನವರು ಬರೆದಿದ್ದರು. ಡೆಸ್ಮಂಡ್‌ಗೆ ಆ ಸಾಲು ಇಷ್ಟವಿರಲಿಲ್ಲ. ಉದ್ದವಾಯಿತು ಎಂದು ನಾನೇ ಅದನ್ನು ತೆಗೆದುಹಾಕಿದ್ದೆ.

ಮೇ ಲಿಂಗ್ ನನ್ನ ಎದುರು ಕೂತು ಪತ್ರವನ್ನು ನಿಧಾನವಾಗಿ, ಬೆರಳಿಟ್ಟು, ಕರಡು ನೋಡುವ ಹಾಗೆಯೇ ನೋಡಿದಳು. ತಾಯಿ ಇನ್ನೂ ಇದ್ದರು. ತಲೆಯೆತ್ತಿ ಒಂದೇ ಪ್ರಶ್ನೆ ಕೇಳಿದಳು. ಸರ್ ಹೋಗುವಾಗ ನನ್ನ ವಿಷಯ ನಿನಗೆ ಏನೂ ಹೇಳಿರಲಿಲ್ಲವಾ ಎಂದು.

ಇಲ್ಲ ಎಂದೆ.

ಅವಳೂ ಎಷ್ಟೋ ವರ್ಷ ನನ್ನ ಓದು ಕೇಳಿದ್ದವಳು. ಸಹಿ ಹಾಕಿದಳು, ಪೆನ್ನಿನ ಮುಚ್ಚಳ ಹಾಕಿ ನನ್ನ ಕೈಗೆ ಕೊಟ್ಟಳು.